ದೇವರ ಮನೆಯಿಂದ ಅಡುಗೆಮನೆಯವರೆಗೆ

ಸಂಪಾದಕರ ಉತ್ತರ

ಮಾನ್ಯ ಸೋದರಿಯವರೇ,

ಸಾಗರ ತಾಲ್ಲೂಕಿನ ನಿಮ್ಮ ಹಳ್ಳಿಯಿಂದ ಬರೆದ ದೀರ್ಘ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ, ಹಾಗೆಯೇ ಆಗಲಿ. ಪ್ರಶ್ನೆ ನಿಮ್ಮೊಬ್ಬರದಲ್ಲ ಎನ್ನಿಸಿದ್ದರಿಂದ ಉತ್ತರವನ್ನು ಈ ಪುಟದಲ್ಲೇ ಬರೆಯುತ್ತಿದ್ದೇನೆ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನು ಮೊದಲು ಹೇಳಿಬಿಡುತ್ತೇನೆ.

ನಿಮಗೆ ಐವತ್ತು ದಾಟಿದೆ. ಯಜಮಾನರು ಅಡಿಕೆ ತೋಟದ ಕೆಲಸದಲ್ಲಿರುತ್ತಾರೆ. ಹಾಸಿಗೆ ಹಿಡಿದ ಅತ್ತೆಯವರ ಆರೈಕೆ, ಅಡುಗೆ, ಕೊಟ್ಟಿಗೆ ಎಲ್ಲವೂ ನಿಮ್ಮ ಮೇಲಿದೆ. ಬೆಳಗಿನ ಜಾವವೇ ಎದ್ದು, ಸ್ನಾನ ಮುಗಿಸಿ, ದೀಪ ಹಚ್ಚಿ ಲಲಿತಾ ಸಹಸ್ರನಾಮ ಹೇಳುವ ಹೊತ್ತಿನಲ್ಲಿ ಮನಸ್ಸು ತಿಳಿಯಾಗಿರುತ್ತದೆ. “ದೇವರ ಮನೆಯಿಂದ ಅಡುಗೆಮನೆಗೆ ಹತ್ತು ಹೆಜ್ಜೆ, ಅಷ್ಟರೊಳಗೆ ಎಲ್ಲ ಹೋಗಿಬಿಟ್ಟಿರುತ್ತದೆ” ಎಂದು ಬರೆದಿದ್ದೀರಿ. ಹಾಲು ಉಕ್ಕಿದರೆ ಸಿಟ್ಟು, ಅತ್ತೆ ಎರಡನೆಯ ಸಲ ಕರೆದರೆ ಸಿಟ್ಟು, ಪೂಜೆ ಮಾಡಿ ಬಂದವಳಿಗೆ ಸಿಟ್ಟು ಬಂತಲ್ಲ ಎಂದು ಆಮೇಲೆ ಸಂಕಟ. ಅಮೆರಿಕದಲ್ಲಿರುವ ಓರಗಿತ್ತಿ ಕಳಿಸುವ ಪ್ರವಾಸದ ಫೋಟೋಗಳನ್ನು ನೋಡಿದರೆ ಇನ್ನೊಂದು ಬಗೆಯ ಸಂಕಟ. ಇಷ್ಟರ ನಡುವೆ ವಾಟ್ಸ್‌ಆಪ್‌ನಲ್ಲಿ ಬರುವ ಪ್ರವಚನಗಳೂ ನಮ್ಮ ಕಳೆದ ಸಂಚಿಕೆಯ ಲೇಖನವೂ ‘ಆನಂದವೇ ನಿಮ್ಮ ಸಹಜ ಸ್ವರೂಪ’ ಎಂದು ಹೇಳುತ್ತವೆ. “ಹಾಗಾದರೆ ಆನಂದವಾಗಿರುವುದೂ ನಾನು ಮಾಡಿ ಮುಗಿಸಬೇಕಾದ ಇನ್ನೊಂದು ಮನೆಗೆಲಸವೇ?” ಎಂಬುದು ನಿಮ್ಮ ಪ್ರಶ್ನೆ.

ಅಲ್ಲ ಎಂಬುದು ನನ್ನ ಉತ್ತರ. ಆ ಲೇಖನದ ಮಾತು ಸುಳ್ಳಲ್ಲ, ಉಪನಿಷತ್ತಿನ ಆಧಾರವೂ ಅದಕ್ಕಿದೆ. ಆದರೆ ಆ ಮಾತಿನ ಹಿಂದೆ ಒಂದು ದಾರಿಯಿದೆ, ಮುಂದೆಯೂ ಒಂದು ದಾರಿಯಿದೆ. ಎರಡನ್ನೂ ಬಿಟ್ಟು ನಡುವಿನ ಒಂದು ವಾಕ್ಯವನ್ನಷ್ಟೇ ಕಿತ್ತು ಗೋಡೆಗೆ ತೂಗುಹಾಕಿದರೆ, ದಣಿದವರಿಗೆ ಅದು ಸಾಂತ್ವನವಾಗುವ ಬದಲು ಆಪಾದನೆಯಂತೆ ಕೇಳಿಸುತ್ತದೆ. ನಿಮಗೆ ಆಗಿರುವುದು ಅದೇ ಎಂದು ನನಗೆ ತೋರುತ್ತದೆ.

ತೈತ್ತಿರೀಯ ಉಪನಿಷತ್ತಿನ ‘ಭೃಗುವಲ್ಲಿ’ ಎಂಬ ಭಾಗವನ್ನು ನೋಡಿ. ವರುಣನ ಮಗ ಭೃಗು ತಂದೆಯ ಬಳಿಗೆ ಹೋಗಿ ಬ್ರಹ್ಮವನ್ನು ತಿಳಿಸಿಕೊಡಬೇಕೆಂದು ಕೇಳುತ್ತಾನೆ. ತಂದೆ ಉತ್ತರವನ್ನು ಕೈಗೆ ಕೊಡುವುದಿಲ್ಲ, ಎಲ್ಲಿಂದ ಈ ಜೀವಿಗಳೆಲ್ಲ ಹುಟ್ಟುತ್ತವೆಯೋ, ಯಾವುದರಿಂದ ಬದುಕುತ್ತವೆಯೋ, ಎಲ್ಲಿಗೆ ಮರಳುತ್ತವೆಯೋ ಅದನ್ನು ತಪಸ್ಸಿನಿಂದ ತಿಳಿದುಕೋ ಎಂದು ಕಳಿಸುತ್ತಾನೆ. ಮಗ ಮೊದಲು ಕಂಡುಕೊಳ್ಳುವುದು ಅನ್ನವನ್ನು. ತೃಪ್ತಿಯಾಗದೆ ಮರಳಿ ಬರುತ್ತಾನೆ. ಆಮೇಲೆ ಪ್ರಾಣ, ಆಮೇಲೆ ಮನಸ್ಸು, ಆಮೇಲೆ ವಿಜ್ಞಾನ, ಅಂದರೆ ವಿವೇಚಿಸುವ ಬುದ್ಧಿ. ಪ್ರತಿಸಲವೂ ಏನೋ ಕಂಡಿರುತ್ತದೆ, ಪ್ರತಿಸಲವೂ ಅದು ಸಾಲದೆನಿಸಿ ಅದೇ ಪ್ರಶ್ನೆಯೊಡನೆ ತಂದೆಯ ಮುಂದೆ ನಿಲ್ಲುತ್ತಾನೆ. ಕೊನೆಯಲ್ಲಿ ಕಾಣುವುದು ಆನಂದ. ಇಲ್ಲಿ ನನಗೆ ಬಹಳ ಹಿಡಿಸುವುದು ವರುಣನ ನಡತೆ. ಮತ್ತೆ ಬಂದೆಯಾ ಎಂದು ಅವನು ಒಮ್ಮೆಯೂ ಗದರುವುದಿಲ್ಲ, ಇಷ್ಟು ದಿನ ಏನು ಮಾಡಿದೆ ಎಂದು ಕೇಳುವುದಿಲ್ಲ. ಅತೃಪ್ತನಾಗಿ ಮರಳಿ ಬರುವುದು ಸಾಧಕನ ದೋಷವೆಂದು ಆ ಉಪನಿಷತ್ತು ಎಣಿಸಿಲ್ಲ. ನೀವು ಪ್ರತಿದಿನ ಹತ್ತು ಹೆಜ್ಜೆಯಲ್ಲಿ ಕಳೆದುಕೊಂಡದ್ದನ್ನು ಮರುದಿನ ಬೆಳಗ್ಗೆ ಮತ್ತೆ ಹುಡುಕಿಕೊಂಡು ಕೂರುತ್ತೀರಲ್ಲ, ಅದು ಸೋಲಲ್ಲ.

ಇನ್ನು ಮುಂದಿನ ದಾರಿ. ಆನಂದವೇ ಬ್ರಹ್ಮವೆಂದು ಭೃಗುವಿಗೆ ಅರಿವಾದ ಮೇಲೆ ಉಪನಿಷತ್ತು ಅವನನ್ನು ಹಿಮಾಲಯದ ತುದಿಯಲ್ಲಿ ಕೂರಿಸಿ ಮಾತು ಮುಗಿಸುವುದಿಲ್ಲ. ಮರು ಅನುವಾಕದ, ಅಂದರೆ ಮುಂದಿನ ಖಂಡದ, ಮೊದಲ ಮಾತೇ ‘ಅನ್ನಂ ನ ನಿಂದ್ಯಾತ್’, ಅನ್ನವನ್ನು ನಿಂದಿಸಬಾರದು, ಅದು ವ್ರತ. ಅಲ್ಲಿಂದ ಅನ್ನವನ್ನು ತಿರಸ್ಕರಿಸಬಾರದು, ಅನ್ನವನ್ನು ಹೆಚ್ಚಿಸಬೇಕು, ವಸತಿ ಕೇಳಿ ಬಂದ ಯಾರನ್ನೂ ಇಲ್ಲವೆಂದು ಕಳಿಸಬಾರದು ಎಂದು ವ್ರತಗಳು ಸಾಲಾಗಿ ಬರುತ್ತವೆ. ಅತ್ಯುನ್ನತವಾದುದನ್ನು ಅರಿತವನಿಗೆ ಹೇಳಿಕೊಟ್ಟ ಸಾಧನೆ ಅಕ್ಕಿ, ಒಲೆ ಮತ್ತು ಮನೆಬಾಗಿಲಿಗೆ ಸಂಬಂಧಿಸಿದ್ದು. ಅಡುಗೆಮನೆಗೆ ಕಾಲಿಟ್ಟೊಡನೆ ಅಧ್ಯಾತ್ಮ ಮುಗಿಯಿತೆಂದು ನೀವು ಭಾವಿಸಿದ್ದೀರಿ. ಉಪನಿಷತ್ತಿನ ಕ್ರಮದಲ್ಲಿ ನೋಡಿದರೆ ಅಲ್ಲಿಯೇ ಅದು ಶುರುವಾಗುತ್ತದೆ, ಸುತ್ತಾಡಿ ಬಂದು ಸೇರುವುದೂ ಅಲ್ಲಿಗೇ.

ಆದರೆ ಇಷ್ಟರಿಂದ ಸಿಟ್ಟು ಹೋಗುವುದಿಲ್ಲ, ನಿಜ. ಆನಂದ ಎಲ್ಲಿ ಸೋರಿಹೋಗುತ್ತದೆ ಎಂಬ ಪ್ರಶ್ನೆ ಉಳಿದೇ ಇದೆ. ಇದಕ್ಕೆ ಅದೇ ಉಪನಿಷತ್ತಿನ ಬ್ರಹ್ಮಾನಂದವಲ್ಲಿಯಲ್ಲಿ ಒಂದು ವಿಚಿತ್ರ ಲೆಕ್ಕವಿದೆ. ಯುವಕನೊಬ್ಬನಿದ್ದಾನೆ, ಒಳ್ಳೆಯವನು, ಓದಿದವನು, ದೃಢಕಾಯ, ಬಲಶಾಲಿ, ಸಂಪತ್ತು ತುಂಬಿದ ಇಡೀ ಭೂಮಿ ಅವನದೇ ಎಂದು ಭಾವಿಸಿ, ಅವನ ಸುಖವನ್ನು ಮನುಷ್ಯರ ಆನಂದದ ಒಂದು ಅಳತೆಯೆಂದು ಇಟ್ಟುಕೊಳ್ಳಿ ಎನ್ನುತ್ತದೆ. ಅಂಥ ನೂರು ಆನಂದ ಸೇರಿದರೆ ಮನುಷ್ಯಗಂಧರ್ವರ ಒಂದು ಆನಂದ, ಅದರ ನೂರರಷ್ಟು ದೇವಗಂಧರ್ವರದು. ಹೀಗೆ ಪಿತೃಗಳು, ದೇವತೆಗಳು, ಇಂದ್ರ, ಬೃಹಸ್ಪತಿ, ಪ್ರಜಾಪತಿ ಎಂದು 10 ಮೆಟ್ಟಿಲು ಹತ್ತುತ್ತ ಬ್ರಹ್ಮನ ಆನಂದದವರೆಗೆ ಹೋಗುತ್ತದೆ. ಗುಣಿಸುತ್ತ ಹೋದರೆ ಒಂದರ ಮುಂದೆ 20 ಸೊನ್ನೆ. ಲೆಕ್ಕ ದೊಡ್ಡದು, ಅದರ ಮರ್ಮವಿರುವುದು ಮಾತ್ರ ಪ್ರತಿ ಮೆಟ್ಟಿಲಿನಲ್ಲೂ ಪಲ್ಲವಿಯಂತೆ ಮರಳಿ ಬರುವ ಒಂದು ಮಾತಿನಲ್ಲಿ: ‘ಶ್ರೋತ್ರಿಯಸ್ಯ ಚಾಕಾಮಹತಸ್ಯ’. ಆ ಮೆಟ್ಟಿಲಿನ ಆನಂದವು ಅರಿವುಳ್ಳವನಾಗಿ ಆಸೆಯ ಪೆಟ್ಟಿಗೆ ಸಿಕ್ಕದವನಿಗೂ ಇದೆ ಎಂದು. ಇಂದ್ರನ ಮೆಟ್ಟಿಲಿನಲ್ಲೂ ಅದೇ ಮಾತು, ಪ್ರಜಾಪತಿಯ ಮೆಟ್ಟಿಲಿನಲ್ಲೂ ಅದೇ ಮಾತು. ಇಂದ್ರನಾಗಬೇಕಿಲ್ಲ, ಪೆಟ್ಟು ತಿನ್ನದಿದ್ದರೆ ಸಾಕು. ಆನಂದವನ್ನು ಹೊಸದಾಗಿ ತಯಾರಿಸಬೇಕೆಂದು ಇಲ್ಲಿ ಎಲ್ಲಿಯೂ ಹೇಳಿಲ್ಲ ಎಂಬುದನ್ನು ಗಮನಿಸಿ.

‘ನನಗೇನು ಆಸೆಯಿದೆ, ಒಂದು ಸೀರೆಯನ್ನೂ ಕೇಳಿದವಳಲ್ಲ’ ಎಂದು ನೀವು ಹೇಳಬಹುದು. ಪತ್ರದಲ್ಲಿ ಹೆಚ್ಚುಕಡಿಮೆ ಹಾಗೆಯೇ ಬರೆದಿದ್ದೀರಿ. ನಾನು ಹೇಳುತ್ತಿರುವುದು ಸೀರೆ ಒಡವೆಗಳ ಆಸೆಯನ್ನಲ್ಲ. ಅತ್ತೆಯವರಿಗೆ ಗಂಜಿ ಕುಡಿಸುವುದನ್ನು ನೀವೇ ವರ್ಣಿಸಿದ್ದೀರಿ: ಗಂಜಿ ಆರಿಸಿ, ಮುಂಗೈಗೆ ಒಂದು ಹನಿ ಬಿಟ್ಟು ಬಿಸಿ ನೋಡಿ, ಒಂದು ಚಮಚ ಬಾಯಿಗಿಟ್ಟು, ಅದು ಗಂಟಲಲ್ಲಿ ಇಳಿಯುವವರೆಗೆ ಕಾಯಬೇಕು, ಅವಸರ ಮಾಡಿದರೆ ನೆತ್ತಿಗೇರುತ್ತದೆ. ಆ ಕಾಯುವ ಹೊತ್ತಿನಲ್ಲಿ ಕೊಟ್ಟಿಗೆಯ ದನ ಕೂಗುತ್ತಿರುತ್ತದೆ, ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ. ಕೈ ಚಮಚದಲ್ಲಿದೆ, ಮನಸ್ಸು ಮುಂದಿನ ಮೂರು ಕೆಲಸಗಳಲ್ಲಿದೆ. ಇದು ಬೇಗ ಮುಗಿಯಲಿ ಎಂಬುದೂ ಆಸೆಯೇ. ಅತ್ತೆ ಒಂದು ಸಲ ಮಾತ್ರ ಕರೆಯಲಿ, ಹಾಲು ಉಕ್ಕದಿರಲಿ, ಬೆಳಗಿನ ಶಾಂತಿ ಸಂಜೆಯವರೆಗೂ ಕೆಡದಿರಲಿ ಎಂಬುವೂ ಆಸೆಗಳೇ. ಕೊನೆಯದನ್ನು ಗುರುತಿಸುವುದು ಬಹಳ ಕಷ್ಟ, ಏಕೆಂದರೆ ಅದು ಭಕ್ತಿಯ ಹಾಗೆ ಕಾಣುತ್ತದೆ.

ನಮ್ಮ ನಾಡಿನ ವಚನಕಾರರು ಇದನ್ನು ಅಕ್ಕಿಯ ಮೂಲಕವೇ ಹೇಳಿದ್ದಾರೆ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿ ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಗಂಡನನ್ನೇ ಕೇಳಿ, ಹೆಚ್ಚಿನದನ್ನು ಮರಳಿ ಸುರಿದು ಬರಲು ಕಳಿಸಿದಳು. ಬಡವರ ಮನೆ, ನಾಳೆಗೆ ಇರಲಿ ಎಂದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ನಾಳೆಯ ಅಕ್ಕಿ ಇಂದಿನ ಮನೆಯೊಳಗೆ ಬಂದರೆ ಅದರ ಜೊತೆಗೇ ಇನ್ನೇನು ಒಳಗೆ ಬರುತ್ತದೆ ಎಂಬುದನ್ನು ಅವಳು ಕಂಡಿದ್ದಳು. ಇಷ್ಟು ನಿಖರವಾದ ಆತ್ಮಪರೀಕ್ಷೆ ದೊಡ್ಡ ದೊಡ್ಡ ಪ್ರವಚನಗಳಲ್ಲಿ ನನಗೆ ಸಿಕ್ಕಿಲ್ಲ.

ಲಕ್ಕಮ್ಮನನ್ನು ನೆನೆಯುವಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅವಳು ಸುಮ್ಮನಿರಲಿಲ್ಲ, ಮುಖಕ್ಕೆ ಹೇಳಿದಳು. ಒಳಗಿನ ಸಂತೋಷವೆಂದರೆ ಬಂದದ್ದನ್ನೆಲ್ಲ ನಗುತ್ತ ಹೊರುವುದು ಎಂಬ ಅರ್ಥ ಈಚಿನ ಪ್ರವಚನಗಳಲ್ಲಿ ನುಸುಳಿಕೊಂಡಿದೆ, ಅದರಲ್ಲೂ ಹೆಂಗಸರಿಗೆ ಹೇಳುವಾಗ. ಇದನ್ನು ನಾನು ಒಪ್ಪುವುದಿಲ್ಲ. ಅತ್ತೆಯವರ ಆರೈಕೆಯನ್ನು ಯಜಮಾನರು ದಿನಕ್ಕೆ ಒಂದು ಹೊತ್ತಾದರೂ ವಹಿಸಿಕೊಳ್ಳಬೇಕೆಂದು, ಅವರು ನಿಮ್ಮ ಅತ್ತೆಯಾಗುವ ಮುಂಚೆ ಯಜಮಾನರ ತಾಯಿಯೆಂದು, ಕೊಯ್ಲಿನ ತಿಂಗಳುಗಳಲ್ಲಾದರೂ ಸಂಬಳಕ್ಕೆ ಒಬ್ಬರನ್ನು ಇಟ್ಟುಕೊಳ್ಳಬೇಕೆಂದು ಹೇಳಿ. ಓರಗಿತ್ತಿಯವರು ಅದರ ಖರ್ಚಿನಲ್ಲಿ ಪಾಲು ಕೊಡಲಿ. ಧ್ಯಾನದಿಂದ ಬಗೆಹರಿಸಬೇಕಾದ ಕಷ್ಟಗಳು ಬೇರೆ, ಮಾತಾಡಿ ಬಗೆಹರಿಸಬೇಕಾದ ಕಷ್ಟಗಳು ಬೇರೆ. ಎರಡನೆಯದಕ್ಕೆ ಧ್ಯಾನದ ತೇಪೆ ಹಾಕುತ್ತ ಹೋದರೆ ಧ್ಯಾನವೂ ಕೆಡುತ್ತದೆ.

ಓರಗಿತ್ತಿಯವರ ಫೋಟೋಗಳ ವಿಷಯದಲ್ಲಿ ಪತಂಜಲಿಯ ಯೋಗಸೂತ್ರ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸಮಾಧಿಪಾದದ 33ನೆಯ ಸೂತ್ರವು ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯಶೀಲರಲ್ಲಿ ಮುದಿತೆ ಅಂದರೆ ಹಿಗ್ಗು, ಅಪುಣ್ಯದಲ್ಲಿ ಉಪೇಕ್ಷೆ ಎಂಬ ಭಾವನೆಗಳಿಂದ ಚಿತ್ತ ತಿಳಿಯಾಗುತ್ತದೆ ಎನ್ನುತ್ತದೆ. ಸುಖವಾಗಿರುವವರನ್ನು ಕಂಡು ಹಿರಿಹಿರಿ ಹಿಗ್ಗಬೇಕೆಂದು ಕೇಳಿಲ್ಲ, ಸ್ನೇಹ ಸಾಕು ಎಂದಿದೆ. ಇದು ಕೈಗೆಟುಕುವ ಮಾತು. ಫೋಟೋ ಬಂದಾಗ ಒಂದು ಸಾಲು ಬರೆಯಿರಿ, ಮಗು ಎಷ್ಟು ಎತ್ತರವಾಗಿದ್ದಾನೆ ಎಂದೋ, ಅಲ್ಲಿ ಚಳಿ ಎಷ್ಟಿದೆ ಎಂದೋ. ಬರೆದ ಮೇಲೂ ಒಳಗೆ ಚುಚ್ಚಿದರೆ ಚುಚ್ಚಲಿ, ಅದನ್ನು ಆ ಹೊತ್ತಿಗೇ ಕಿತ್ತುಹಾಕಲು ಹೋಗಬೇಡಿ.

ಇನ್ನು ದಿನನಿತ್ಯ ಏನು ಮಾಡಬೇಕೆಂದು ಕೇಳಿದ್ದೀರಿ. ಹೊಸ ಪಾರಾಯಣವನ್ನೋ ಹೊಸ ವ್ರತವನ್ನೋ ನಾನು ಹೇಳಲಾರೆ, ನಿಮ್ಮ ದಿನದಲ್ಲಿ ಅದಕ್ಕೆ ಜಾಗವಿಲ್ಲ. ರಾತ್ರಿ ಮಲಗಿದ ಮೇಲೆ ನಿದ್ದೆ ಬರುವ ಮುಂಚಿನ ಸ್ವಲ್ಪ ಹೊತ್ತಿನಲ್ಲಿ, ಆ ದಿನ ಮನಸ್ಸು ಬಿಗಿದುಕೊಂಡ ಒಂದು ಗಳಿಗೆಯನ್ನು ಮಾತ್ರ ನೆನಪಿಗೆ ತಂದುಕೊಳ್ಳಿ, ಎಲ್ಲವನ್ನೂ ಬೇಡ. ಆಗ ನಾನು ಏನಾಗಬೇಕೆಂದು ಬಯಸುತ್ತಿದ್ದೆ ಎಂದಷ್ಟೇ ಕೇಳಿಕೊಳ್ಳಿ. ಬಯಸಿದ್ದು ತಪ್ಪೋ ಸರಿಯೋ ಎಂಬ ತೀರ್ಪಿಗೆ ಹೋಗಬೇಡಿ, ತೀರ್ಪಿಗೆ ಹೋದೊಡನೆ ಅದು ಚಿಂತನೆಯಾಗಿ ಉಳಿಯದೆ ಕೊರಗಾಗುತ್ತದೆ. ಹಾಗೆಯೇ ಹಗಲಿನಲ್ಲಿ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ, ಗಂಜಿ ಕುಡಿಸುವುದೇ ಆಗಲಿ, ಮತ್ತು ಆ ಹೊತ್ತಿನಲ್ಲಿ ಮುಂದಿನ ಕೆಲಸವನ್ನು ಬೇಕೆಂದೇ ಬದಿಗಿಡಿ. ಬೇಕಿದ್ದರೆ ಒಲೆ ಆರಿಸಿಯೇ ಕುಳಿತುಕೊಳ್ಳಿ. ಒಂದು ಚಮಚಕ್ಕೂ ಮತ್ತೊಂದಕ್ಕೂ ನಡುವೆ ಅತ್ತೆಯವರ ಮುಖವನ್ನು ನೋಡಿ. ಏನಾದರೂ ಅನುಭವವಾಗಬೇಕೆಂದು ಕಾಯಬೇಡಿ. ಎಷ್ಟೋ ದಿನ ಏನೂ ಆಗದಿರಬಹುದು, ಯಾವತ್ತೋ ಒಂದು ದಿನ ಅವರು ನಿಮ್ಮ ಕೈಯನ್ನು ಮೆಲ್ಲನೆ ಸರಿಸಿ ಸಾಕೆಂದಾಗ ಸಿಟ್ಟು ಬರಲಿಲ್ಲವೆಂಬುದು ಆಮೇಲೆ ಗೊತ್ತಾಗಬಹುದು.

ಪತ್ರದ ಮೂರನೆಯ ಪುಟದಲ್ಲಿ, ಇತ್ತೀಚೆಗೆ ನಿದ್ದೆ ಸರಿಯಾಗಿ ಬರುತ್ತಿಲ್ಲವೆಂದೂ ಮೊದಲು ಇಷ್ಟವಾಗುತ್ತಿದ್ದ ಹಾಡು, ಹೂಗಿಡ ಯಾವುದೂ ಬೇಡವಾಗಿದೆಯೆಂದೂ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನಾನು ಹಾಗೆ ಮುಂದೆ ಹೋಗಲಾರೆ. ಇಂಥ ಸ್ಥಿತಿ ಎರಡು ವಾರಕ್ಕಿಂತ ಹೆಚ್ಚು ಕಾಲ ಬಹುಪಾಲು ದಿನಗಳಲ್ಲಿ ಇದ್ದರೆ ಅದು ಭಕ್ತಿಯ ಕೊರತೆಯಲ್ಲ, ಖಿನ್ನತೆಯಾಗಿರಬಹುದು, ಅದಕ್ಕೆ ವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಇದೇ ಮಾತನ್ನು ಇದೇ ರೀತಿ ಹೇಳಿ. ಊರಿನಲ್ಲಿ ಹೇಳಿಕೊಳ್ಳಲು ಸಂಕೋಚವಾದರೆ ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಿದೆ, ಸಂಖ್ಯೆ 14416, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ನೋಡಲ್ ಕೇಂದ್ರ. ಔಷಧ ತೆಗೆದುಕೊಂಡರೆ ಸಾಧನೆ ಕೆಡುತ್ತದೆಂಬ ಮಾತನ್ನು ಯಾರು ಹೇಳಿದರೂ ಕಿವಿಗೆ ಹಾಕಿಕೊಳ್ಳಬೇಡಿ.

ಕೊನೆಗೆ ಸಹಸ್ರನಾಮದ ವಿಷಯ. ನಡುವೆ ಅತ್ತೆ ಕರೆದರೆ ಏಳಬಹುದೇ, ಎದ್ದರೆ ಮತ್ತೆ ಮೊದಲಿನಿಂದ ಹೇಳಬೇಕೇ ಎಂದು ಕೇಳಿದ್ದೀರಿ. ಶಾಸ್ತ್ರ ಬಲ್ಲವರು ಇದಕ್ಕೆ ಬೇರೆ ಉತ್ತರ ಕೊಡಬಹುದು, ನಿಮ್ಮ ಮನೆಯ ಪುರೋಹಿತರನ್ನೂ ಒಮ್ಮೆ ಕೇಳಿ. ಕಾಯಕದಲ್ಲಿ ನಿರತನಾದರೆ ಲಿಂಗಪೂಜೆಯನ್ನಾದರೂ ಮರೆಯಬೇಕೆಂದು ಹೇಳಿದ ಮಾರಯ್ಯನ ಪಕ್ಷ ನನ್ನದು. ಏಳಿ, ಅವರಿಗೆ ಬೇಕಾದದ್ದನ್ನು ಮಾಡಿಕೊಡಿ, ಕೈ ತೊಳೆದುಕೊಂಡು ಬಂದು ನಿಲ್ಲಿಸಿದ ನಾಮದಿಂದಲೇ ಮುಂದುವರಿಸಿ. ಎಲ್ಲಿ ನಿಲ್ಲಿಸಿದ್ದೆನೆಂದು ಮರೆತುಹೋದರೆ ನೆನಪಿರುವ ಜಾಗದಿಂದ ಹೇಳಿ.

ನಿಮ್ಮ ವಿಶ್ವಾಸಿ,
ಸಂಪಾದಕ