ಕಥೆಯಲ್ಲಿ ಹೆಂಡತಿಗೆ ಬಿಡುಗಡೆ ಬೇಕು ಅನ್ನಿಸಲು ಗಂಡ ಕೆಟ್ಟವನಾಗಿರಲೇಬೇಕಾ?

ನೀವು ಕಳಿಸಿದ ಕಥೆಯ ಮೂರನೇ ಪುಟದಲ್ಲಿ ಗಂಡ ಹೊಡೆಯುತ್ತಾನಲ್ಲ, ಅದನ್ನು ಮೊದಲು ತೆಗೆದುಹಾಕಿ. ಒಳ್ಳೆಯ ಗಂಡನಿದ್ದೂ ಒಬ್ಬಳೇ ಇರಬೇಕು ಅನ್ನಿಸುವ ಹೆಂಡತಿಯ ಕಥೆ, ಒಂದು ಏಟು ಹಾಕಿದರೆ ಓದುವವರು ಅವಳ ಕಡೆ ಬರುತ್ತಾರಾ, ಕೊನೆಗೆ ಪ್ರೀತಿ ಗೆಲ್ಲಬೇಕಾ ಸ್ವಾತಂತ್ರ್ಯ ಗೆಲ್ಲಬೇಕಾ, ಇಲ್ಲ ಅವಳೇ ಪಶ್ಚಾತ್ತಾಪ ಪಡಬೇಕಾ ಅಂತ ಕೇಳಿದ್ದೀರಿ. ಜೊತೆಗೆ "ಇದು ನನ್ನ ಕಥೆ ಅಲ್ಲ" ಅಂತ ಎರಡು ಸಲ ಬರೆದಿದ್ದೀರಿ. ನಾನೂ ಹಾಗೇ ಹೇಳುತ್ತಿದ್ದೆ.

2009ರಲ್ಲಿ, ನಮ್ಮ ಮದುವೆಯಾಗಿ ಏಳು ವರ್ಷ ಆಗಿತ್ತು. ಹಾಸನದಲ್ಲಿದ್ದೆವು. ನಮ್ಮವರು ಆಫೀಸಿನ ಟ್ರೈನಿಂಗ್ ಅಂತ ಐದು ದಿನ ಹೈದರಾಬಾದಿಗೆ ಹೋದರು. ಮಾರನೇ ದಿನ ಬೆಳಿಗ್ಗೆ ಹಾಲಿನವನಿಗೆ "ಇವತ್ತು ಅರ್ಧ ಲೀಟರ್ ಸಾಕಪ್ಪ" ಅಂದೆ. ಅಷ್ಟೇ. ಆ ಮಾತು ಬಾಯಿಂದ ಬಂದ ಕೂಡಲೇ ಮೈಯೆಲ್ಲ ಹಗುರವಾಯಿತು, ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಆ ದಿನ ಒಲೆ ಹಚ್ಚಿದ್ದು ಟೀಗೆ ಮಾತ್ರ. ರಾತ್ರಿ ಮಂಡಕ್ಕಿ ತಿಂದೆ. ಮಂಚದ ಮೇಲೆ ಅಡ್ಡಡ್ಡ ಮಲಗಿದೆ. ಎರಡನೇ ರಾತ್ರಿ ಮಾತ್ರ ನಿದ್ದೆ ಬರಲಿಲ್ಲ. ಬೀದಿಯಲ್ಲಿ ಯಾವ ಸ್ಕೂಟರ್ ಹೋದರೂ ಇವರದೇನೋ ಅಂತ ಕಿವಿ ಆ ಕಡೆ ಹೋಗುತ್ತಿತ್ತು.

ಇಷ್ಟನ್ನೇ ಕಥೆಯಾಗಿ ಬರೆದೆ. ಬರೆದ ಮೇಲೆ ಭಯವಾಯಿತು.

ಆ ಭಯ ಎಂಥದ್ದು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆ ಬಂದಿರುವುದೂ ಅಲ್ಲಿಂದಲೇ. ಹೊಡೆಯದ, ಕುಡಿಯದ, ಸಂಬಳ ತಂದು ಕೈಗೆ ಕೊಡುವ ಗಂಡ. ಅವನು ಊರಲ್ಲಿಲ್ಲ ಅಂತ ಖುಷಿಪಡುವವಳನ್ನು ಯಾರು ಒಪ್ಪುತ್ತಾರೆ? ಅತ್ತೆ ಓದಿದರೆ? ನಮ್ಮಮ್ಮ ಓದಿದರೆ? ಅದಕ್ಕೆ ಗಂಡನಿಗೆ ಕುಡಿತ ಕಲಿಸಿದೆ. ಒಂದು ಏಟು ಹಾಕಿಸಿದೆ. ಹಾಗೆ ಮಾಡಿದ ಮೇಲೆ ಹಾಲಿನ ಮಾತು ಸಣ್ಣದು ಅನ್ನಿಸಿ ಅದನ್ನು ಕಿತ್ತುಹಾಕಿದೆ, ಏಟು ತಿಂದವಳು ಅರ್ಧ ಲೀಟರ್ ಹಾಲಿಗೆಲ್ಲ ಯಾಕೆ ಖುಷಿಪಡಬೇಕು ಅಲ್ವಾ. ಸ್ಕೂಟರ್ ಸದ್ದಿಗೆ ಕಾಯುವುದನ್ನೂ ತೆಗೆದೆ, ಅಂಥವನಿಗಾಗಿ ಯಾರು ಕಾಯುತ್ತಾರೆ. ಹೀಗೆ ಒಂದು ಸುಳ್ಳು ಸೇರಿಸಿದ್ದಕ್ಕೆ ನಿಜವಾಗಿದ್ದ ಎರಡೂ ಹೋದವು.

ಒಂದು ವಾರಪತ್ರಿಕೆಯಲ್ಲಿ ಕಥೆ ಬಂತು. ಮೆಚ್ಚಿ ಪತ್ರ ಬರೆದವರೂ ಇದ್ದರು. ನಮ್ಮವರು ಊಟ ಮುಗಿಸಿ ಓದಿದರು. ಓದಿ ನಿರಾಳವಾಗಿ, "ಪಾಪ ಕಣೇ ಆ ಹುಡುಗಿ. ನಮ್ಮನೇಲಿ ಹಾಗೇನೂ ಇಲ್ಲ ಅಲ್ವಾ?" ಅಂದರು. ನಾನು "ಇಲ್ಲ" ಅಂದೆ.

ಆ "ಇಲ್ಲ" ಅಂದದ್ದಕ್ಕೆ ಎಂಟು ವರ್ಷ ಬೆಲೆ ತೆತ್ತೆ. ಅವರು ಕೇಳಿಯೇ ಕೇಳಿದ್ದರು, ನಾನು ಹೇಳಬಹುದಿತ್ತು. ಆದರೆ ಕಥೆಯ ಗಂಡನನ್ನು ನಾನೇ ಅಷ್ಟು ಕೆಟ್ಟವನನ್ನಾಗಿ ಮಾಡಿದ್ದೆ, "ಅದು ನಾವೇ" ಅನ್ನಲು ಹೇಗೆ ಬಾಯಿ ಬರುತ್ತದೆ?

2017ರಲ್ಲಿ ಅಕ್ಕನ ಮಗಳು ಡಿಗ್ರಿ ಇಂಗ್ಲಿಷ್ ಪಾಠ ಅರ್ಥವಾಗುತ್ತಿಲ್ಲ ಅಂತ ಒಂದು ಕಥೆ ತಂದಳು. ಅಮೆರಿಕದ ಕೇಟ್ ಶೋಪಾನ್ ಬರೆದ 'ದಿ ಸ್ಟೋರಿ ಆಫ್ ಆನ್ ಅವರ್'. 1894ರದ್ದು. ಅದೇ ವರ್ಷ ಡಿಸೆಂಬರಿನಲ್ಲಿ ವೋಗ್ ಪತ್ರಿಕೆಯಲ್ಲಿ ಬೇರೆ ಹೆಸರಲ್ಲಿ ಬಂದಿತ್ತು. ಸಾವಿರ ಪದದ ಆಸುಪಾಸು, ನೀವು ಇವತ್ತೇ ಓದಬಹುದು. ಲೂಯಿಸ್ ಅನ್ನುವ ಹೆಂಡತಿಗೆ ಹೃದಯದ ಕಾಯಿಲೆ. ಗಂಡ ರೈಲು ಅಪಘಾತದಲ್ಲಿ ಹೋದ ಅಂತ ತಂಗಿ ಮೆಲ್ಲಗೆ ತಿಳಿಸುತ್ತಾಳೆ. ಇವಳು ಅಲ್ಲೇ ಬಿಕ್ಕಿ ಬಿಕ್ಕಿ ಅಳುತ್ತಾಳೆ, ನಾಟಕವಲ್ಲ. ಆಮೇಲೆ ಕೋಣೆಗೆ ಹೋಗಿ ತೆರೆದ ಕಿಟಕಿಯ ಮುಂದೆ ಕೂರುತ್ತಾಳೆ. ಮಳೆಯ ವಾಸನೆ, ಗುಬ್ಬಚ್ಚಿ ಸದ್ದು, ಬೀದಿಯಲ್ಲಿ ಮಾರುವವನ ಕೂಗು. ಅಲ್ಲಿ ಅವಳ ಬಾಯಿಂದ ಬರುವ ಮಾತು: ಇನ್ನು ನಾನು ಸ್ವತಂತ್ರಳು.

ಆ ಗಂಡ ಬ್ರೆಂಟ್ಲಿಯಲ್ಲಿ ಒಂದು ತಪ್ಪು ಹುಡುಕಿ ನೋಡೋಣ. ಇಲ್ಲ. ಅವನ ಕೈಗಳು ಮೃದು, ಅವನು ಅವಳನ್ನು ನೋಡಿದ್ದೆಲ್ಲ ಪ್ರೀತಿಯಿಂದಲೇ. ಅವನ ಹೆಣ ನೋಡಿದರೆ ಮತ್ತೆ ಅಳು ಬರುತ್ತದೆ ಅಂತ ಅವಳಿಗೇ ಗೊತ್ತು. ಅವನನ್ನು ಪ್ರೀತಿಸಿದ್ದುಂಟು, ಎಷ್ಟೋ ಸಲ ಪ್ರೀತಿಸದೆ ಇದ್ದದ್ದೂ ಉಂಟು. ಆದರೆ ಒಬ್ಬರ ಇಷ್ಟವನ್ನು ಇನ್ನೊಬ್ಬರ ಮೇಲೆ ಹೇರುವುದು, ಒಳ್ಳೆ ಮನಸ್ಸಿನಿಂದ ಹೇರಿದರೂ ತಪ್ಪೇ ಅಂತ ಅವಳಿಗೆ ಆ ಒಂದು ಗಂಟೆಯಲ್ಲಿ ಕಾಣುತ್ತದೆ. ನಿನ್ನೆಯಷ್ಟೇ ಆಯುಸ್ಸು ಉದ್ದವಿದ್ದರೇನು ಗತಿ ಅಂತ ನಡುಗಿದ್ದವಳು, ಇವತ್ತು ದೀರ್ಘಾಯುಸ್ಸು ಬೇಡುತ್ತಾಳೆ. ಇದನ್ನು ಹುಡುಗಿಗೆ ಹೇಳಿಕೊಡುವಾಗ ನನ್ನ ಗಂಟಲು ಕಟ್ಟಿತು. ಆ ಗಂಡ ಒಂದೇ ಒಂದು ಸಲ ಹೊಡೆದಿದ್ದರೆ ಇದ್ಯಾವುದೂ ನನಗೆ ಕಾಣುತ್ತಿರಲಿಲ್ಲ.

ಆಮೇಲೆ ಬರೆದವಳ ಬಗ್ಗೆ ಓದಿದೆ. ಐದು ವರ್ಷದ ಹುಡುಗಿಯಾಗಿದ್ದಾಗ, 1855ರಲ್ಲಿ, ರೈಲು ಸೇತುವೆ ಕುಸಿದು ಅಪ್ಪ ಸತ್ತರು. 1882ರಲ್ಲಿ ಗಂಡ ತೀರಿಕೊಂಡಾಗ ಆರು ಮಕ್ಕಳು. ಕಥೆ ಬರೆಯಲು ಕೂತದ್ದು ಅದಾದ ಮೇಲೆ.

ಆ ವಾರವೇ ನನ್ನ ಹಳೇ ಕಥೆಯನ್ನು ಮತ್ತೆ ಬರೆದೆ. ಹಾಲು ವಾಪಸ್ ಬಂತು, ಸ್ಕೂಟರ್ ವಾಪಸ್ ಬಂತು. ಈ ಸಲ ಪತ್ರಿಕೆಗೆ ಕಳಿಸದೆ ಅವರ ಕೈಗೇ ಕೊಟ್ಟೆ. ಓದಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅರ್ಧ ಲೀಟರ್ ಸಾಕಾಗ್ತಿತ್ತಾ?" ಅಂದರು. "ಸಾಕಾಗ್ತಿತ್ತು" ಅಂದೆ. ಎರಡು ದಿನ ಜಾಸ್ತಿ ಮಾತಾಡಲಿಲ್ಲ. ಮೂರನೇ ರಾತ್ರಿ ಲೈಟ್ ಆರಿಸಿದ ಮೇಲೆ ಅವರಾಗಿಯೇ, "ಎರಡನೇ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀಯಲ್ಲ, ಅದೂ ನಿಜಾನಾ?" ಅಂತ ಕೇಳಿದರು. ಅದೂ ನಿಜ ಅಂದೆ. ಅವತ್ತು ಮಲಗಿದಾಗ ಎರಡು ಗಂಟೆ.

ಹಾಗಾಗಿ ಪ್ರೀತಿ ಗೆಲ್ಲಬೇಕಾ ಸ್ವಾತಂತ್ರ್ಯ ಗೆಲ್ಲಬೇಕಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಶ್ಚಾತ್ತಾಪದ ಕೊನೆಯೂ ಬೇಡ, ಅವಳು ಯಾರಿಗೂ ಏನೂ ತಪ್ಪು ಮಾಡಿಲ್ಲ. ಶೋಪಾನ್ ಕಥೆಯಲ್ಲಿ ಸಾವಿನ ಸುದ್ದಿ ಸುಳ್ಳಾಗಿ ಗಂಡ ಬಂದು ಬಾಗಿಲು ತೆರೆದಾಗ ಹೆಂಡತಿ ಸಾಯುತ್ತಾಳೆ, ಖುಷಿ ತಡೆಯಲಾಗದೆ ಸತ್ತಳು ಅನ್ನುತ್ತಾರೆ ಡಾಕ್ಟರು. ಆ ಕೊನೆಯನ್ನು ನೀವು ತರಲು ಹೋಗಬೇಡಿ, ಅದು ಅವಳ ಕಥೆಯದು. ನಿಮ್ಮವಳು ಬದುಕಲಿ. ಗಂಡ ಊರಿಗೆ ಹೋದ ಮೊದಲ ಬೆಳಿಗ್ಗೆ ಅವಳು ಏನು ಮಾಡಿದಳು ಅಂತ ಒಂದು ಪುಟ ಬರೆಯಿರಿ. ಬರೆದದ್ದನ್ನು ಮೊದಲು ನಿಮ್ಮ ಗಂಡನಿಗೆ ಕೊಡಿ, ಪತ್ರಿಕೆಗೆ ಆಮೇಲೆ ಕಳಿಸಿದರಾಯಿತು.