ಮನೆಯಿಂದಲೇ ಪಾಠ, ಆದರೂ ಯಾಕಿಷ್ಟು ಬೇಸರ?

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಎಂ.ಎ. ಮಕ್ಕಳಿಗೆ ಮನೆಯಿಂದಲೇ ಆನ್‌ಲೈನ್ ಪಾಠ ಮಾಡುತ್ತೇನೆ. ಸಂಬಳ ಸರಿಯಾಗಿ ಬರುತ್ತದೆ, ಬಸ್ಸಿನ ರಗಳೆಯೂ ಇಲ್ಲ. ಆದರೂ ಲ್ಯಾಪ್‌ಟಾಪ್ ತೆರೆಯಲು ಮನಸ್ಸೇ ಬರುವುದಿಲ್ಲ. ಇದು ಸೋಮಾರಿತನವಾ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು

ಉತ್ತರ: ಅಲ್ಲ ಮೇಡಂ. ಸೋಮಾರಿಗಳು ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲೇ ಒಂದು ವಿಷಯ ಹೇಳಿದ್ದರು. ಸಂಬಳ, ಕೆಲಸದ ಜಾಗ, ಮೇಲಿನವರ ವರ್ತನೆ ಇವೆಲ್ಲ ಕೆಟ್ಟರೆ ಸಿಟ್ಟು ಬರುತ್ತದೆ, ಸರಿಯಿದ್ದರೆ ಸಿಟ್ಟು ಹೋಗುತ್ತದೆ, ಅಷ್ಟೇ. ಖುಷಿ ಬರುವುದು ಕೆಲಸದಿಂದಲೇ, ಅದು ಫಲ ಕೊಟ್ಟಿತು ಅನ್ನಿಸುವುದರಿಂದ, ಅದನ್ನು ಯಾರಾದರೂ ಗುರುತಿಸುವುದರಿಂದ. ಈ ವಿಂಗಡಣೆಗೆ ಆಮೇಲೆ ಬೇಕಾದಷ್ಟು ತಕರಾರು ಬಂದಿದೆ. ಆದರೂ ನಿಮ್ಮ ವಿಷಯಕ್ಕೆ ಸರಿಯಾಗಿ ಹೊಂದುತ್ತದೆ.

ಕ್ಲಾಸಿನಲ್ಲಿ ಮುಂದಿನ ಬೆಂಚಿನ ಹುಡುಗಿ ತಲೆಯಾಡಿಸುತ್ತಾಳೆ, ಹಿಂದೆ ಒಬ್ಬ ಆಕಳಿಸುತ್ತಾನೆ, ಅದನ್ನು ನೋಡಿಯೇ ನೀವು ಉದಾಹರಣೆ ಬದಲಿಸುತ್ತೀರಿ, ಅಲ್ವಾ? ಇಲ್ಲಿ ಏನಿದೆ? ಹೆಸರಿನ ಮೊದಲಕ್ಷರ ಬರೆದ ಸಾಲು ಸಾಲು ಚೌಕಗಳು. "ಕೇಳಿಸ್ತಿದೆಯಾ?" ಅಂದರೆ ಅರ್ಧ ನಿಮಿಷ ಬಿಟ್ಟು ಒಂದು ಹೆಬ್ಬೆರಳಿನ ಗುರುತು.

ಹಾಗಂತ ಕ್ಯಾಮೆರಾ ಹಾಕಿ ಅಂತ ಒತ್ತಾಯ ಮಾಡಬೇಡಿ. ನಮ್ಮ ಕಡೆ ರೇಂಜ್ ಹುಡುಕಿಕೊಂಡು ಗುಡ್ಡೆ ಹತ್ತುವ ಮಕ್ಕಳಿದ್ದಾರೆ. ಅದರ ಬದಲು ಕಾಲು ಗಂಟೆಗೊಮ್ಮೆ ಪಾಠ ನಿಲ್ಲಿಸಿ, ಒಂದೇ ಪ್ರಶ್ನೆ ಕೊಡಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು ಫೋಟೋ ತೆಗೆದು ವಾಟ್ಸಾಪ್‌ಗೆ ಕಳಿಸಲಿ. ಅವರ ಕೈಬರಹ, ಹೊಡೆದು ಹಾಕಿದ ಪದ, ತಪ್ಪು ಅರ್ಥ ಮಾಡಿಕೊಂಡ ಜಾಗ ಎಲ್ಲ ನಿಮ್ಮ ಕಣ್ಣಿಗೆ ಬೀಳುತ್ತದೆ. ಎರಡು ಉತ್ತರ ಹೆಸರು ಹೇಳಿ ಓದಿ. ಪೋರ್ಷನ್ ಸ್ವಲ್ಪ ಹಿಂದೆ ಬೀಳಬಹುದು, ಬೀಳಲಿ.

ಇನ್ನು ಮನೆಯವರು. "ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಅಡಿಕೆ ಹೆಕ್ಕು" ಅನ್ನುವುದು ನಿಮಗೂ ಗೊತ್ತಿರಬೇಕು. ಬಾಗಿಲಿಗೆ ಕ್ಲಾಸಿನ ಟೈಮ್‌ಟೇಬಲ್ ಅಂಟಿಸಿ. ರಾತ್ರಿ ಬರುವ ಆಫೀಸ್ ಮೆಸೇಜಿಗೆ ಬೆಳಿಗ್ಗೆಯೇ ಉತ್ತರ ಕೊಡಿ, ಒಂದೆರಡು ವಾರದಲ್ಲಿ ಅವರಿಗೂ ಅಭ್ಯಾಸವಾಗುತ್ತದೆ.

ಒಂದು ಸೆಮಿಸ್ಟರ್ ಹೀಗೆ ಮಾಡಿಯೂ ಮನಸ್ಸು ಬಾರದಿದ್ದರೆ ವಾರಕ್ಕೆ ಎರಡು ದಿನವಾದರೂ ಕ್ಯಾಂಪಸ್ಸಿನಲ್ಲಿ ಕ್ಲಾಸು ಕೇಳಿಕೊಳ್ಳಿ. ನಿದ್ದೆ, ಊಟವೂ ಕೆಟ್ಟಿದ್ದರೆ ಮಾತ್ರ ಸೆಮಿಸ್ಟರ್ ಮುಗಿಯುವವರೆಗೆ ಕಾಯಬೇಡಿ, ಈಗಲೇ ಡಾಕ್ಟರರನ್ನು ಕಾಣಿ.