ಮೊಟ್ಟೆ ವಿಚಾರಕ್ಕೆ ಊರು ಎರಡು ಪಾಲಾದಾಗ ಎಸ್‌ಡಿಎಂಸಿ ಅಧ್ಯಕ್ಷರು ಏನು ಮಾಡಬೇಕು?

ಕೊಪ್ಪಳ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು ಕೇಳಿರುವ ಪ್ರಶ್ನೆಯಿದು. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದನ್ನು ನಿಲ್ಲಿಸುವಂತೆ ಠರಾವು ಮಾಡಿ ಎಂದು ಕೆಲವರು ಅವರ ಮೇಲೆ ಒತ್ತಡ ತರುತ್ತಿದ್ದಾರಂತೆ.

ಮೊದಲು ಅಧಿಕಾರದ ಮಿತಿ ಸ್ಪಷ್ಟವಾಗಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಸಮಿತಿಗೆ ಶಾಲೆಯ ಕಾರ್ಯನಿರ್ವಹಣೆಯ ಮೇಲುಸ್ತುವಾರಿ, ಅಭಿವೃದ್ಧಿ ಯೋಜನೆಯ ತಯಾರಿ ಮತ್ತು ಅನುದಾನದ ಬಳಕೆಯ ಮೇಲಿನ ನಿಗಾ ಎಂಬ ಹೊಣೆಗಳನ್ನು ಕೊಡುತ್ತದೆಯೇ ಹೊರತು, ಸರ್ಕಾರದ ಪೌಷ್ಟಿಕ ಆಹಾರ ಯೋಜನೆಯನ್ನು ತಡೆಯುವ ಅಧಿಕಾರವನ್ನಲ್ಲ. 2021ರ ಡಿಸೆಂಬರ್‌ನಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿದಂತೆ ಏಳು ಜಿಲ್ಲೆಗಳಲ್ಲಿ ಮೊಟ್ಟೆ ವಿತರಣೆ ಆರಂಭವಾದದ್ದೇ ಈ ಭಾಗದ ಮಕ್ಕಳ ಅಪೌಷ್ಟಿಕತೆಯ ಕಾರಣಕ್ಕೆ. ಆಗಲೂ ಕೆಲವು ಮಠಾಧೀಶರು ವಿರೋಧಿಸಿದ್ದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯೂ ಆಗಲೇ ಇತ್ತು.

ಆದ್ದರಿಂದ ಅಧ್ಯಕ್ಷರ ನಿಜವಾದ ಕೆಲಸ ಬಿಸಿಯೂಟದ ಸಾಲಿನಲ್ಲಿದೆ. ಯಾವ ಮಗು ಏನು ತಿನ್ನುತ್ತದೆ ಎಂಬುದನ್ನು ಪಾಲಕರಿಂದಲೇ ಬರೆಸಿಕೊಳ್ಳಬೇಕು. ಮೊಟ್ಟೆಯ ಪಾತ್ರೆಯನ್ನೂ ಸೌಟನ್ನೂ ಬೇರೆಯಾಗಿಡಿಸಬೇಕು. ಬಾಳೆಹಣ್ಣು ಪಡೆಯುವವರನ್ನಾಗಲಿ, ಮೊಟ್ಟೆ ಪಡೆಯುವವರನ್ನಾಗಲಿ ಬೇರೆ ಪಂಕ್ತಿಯಲ್ಲಿ ಕೂರಿಸಲು ಬಿಡಲೇಬಾರದು. ಜಾತಿಯ ಗೆರೆ ಮಕ್ಕಳ ನಡುವೆ ಮೂಡುವುದು ಅಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಸಭೆಯ ವಿಷಯ. ಸದಸ್ಯರಲ್ಲಿ ಮುಕ್ಕಾಲು ಭಾಗ ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಕೂಲಿಗೆ ಹೋಗುವ ತಾಯಂದಿರು ಬರಲಾಗುವ ಹೊತ್ತಿಗೆ ಸಭೆ ಕರೆದು, ಊರಿನ ಮುಖಂಡರಿಗಿಂತ ಮೊದಲು ಅವರಿಗೆ ಮಾತನಾಡಲು ಅವಕಾಶ ಕೊಟ್ಟು, ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ, ಎಲ್ಲರೆದುರು ಓದಿ ಸಹಿ ಪಡೆಯಬೇಕು.